ಮೂರು ದಿನದ ಬಂದರು ಮುಷ್ಕರ, ವಾರಗಟ್ಟಲೆ ಅಡಚಣೆ: ಸರಕು ಸಾಗಣೆಯಲ್ಲಿ ನಿಜವಾಗಿ ನಡೆಯುವುದೇನು?

ಕಡಲದಾರಿ:

2024ರ ಅಕ್ಟೋಬರ್ 1ರ ನಡುರಾತ್ರಿ ಅಮೆರಿಕದ ಪೂರ್ವ ಕರಾವಳಿ ಮತ್ತು ಮೆಕ್ಸಿಕೊ ಕೊಲ್ಲಿಯ ಬಂದರುಗಳಲ್ಲಿ ಕ್ರೇನುಗಳು ನಿಂತವು. ಮೇನ್‌ನಿಂದ ಟೆಕ್ಸಾಸ್‌ವರೆಗೆ 36 ಬಂದರುಗಳು, ಸುಮಾರು 45,000 ಕಾರ್ಮಿಕರು. ಐಎಲ್‌ಎ ಎಂದು ಎಲ್ಲರೂ ಕರೆಯುವ ಬಂದರು ಕಾರ್ಮಿಕರ ಸಂಘ, ಇಂಟರ್‌ನ್ಯಾಷನಲ್ ಲಾಂಗ್‌ಶೋರ್‌ಮೆನ್ಸ್ ಅಸೋಸಿಯೇಷನ್, ಇಡೀ ಕರಾವಳಿಯಲ್ಲಿ ಹೀಗೆ ಕೆಲಸ ನಿಲ್ಲಿಸಿದ್ದು 1977ರ ನಂತರ ಅದೇ ಮೊದಲು. ಅಕ್ಟೋಬರ್ 3ರ ಸಂಜೆ ವೇತನದ ಬಗ್ಗೆ ತಾತ್ಕಾಲಿಕ ಒಪ್ಪಂದವಾಗಿ ಮುಷ್ಕರ ನಿಂತಿತು. ಮೂರೇ ದಿನಕ್ಕೆ ಇಷ್ಟೊಂದು ಗದ್ದಲ ಏಕೆ ಎಂದು ಆಗ ಹಲವರು ಕೇಳಿದರು, ಈಗಲೂ ಕೇಳುತ್ತಾರೆ. ಕಂಟೇನರ್ ಬುಕಿಂಗ್ ಕೆಲಸವನ್ನೇ ನಂಬಿ ಬದುಕುತ್ತಿರುವವನಾಗಿ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಷ್ಕರದ ದಿನಗಳನ್ನಷ್ಟೇ ಎಣಿಸಿದರೆ ಅದರ ಪೆಟ್ಟು ಯಾರಿಗೆ, ಎಲ್ಲಿ, ಯಾವಾಗ ಬಿತ್ತು ಎಂಬುದು ಕಾಣುವುದೇ ಇಲ್ಲ. ಅಡಚಣೆ ಕೆಲಸ ನಿಲ್ಲುವುದಕ್ಕೆ ತಿಂಗಳುಗಳ ಮೊದಲೇ ಶುರುವಾಗಿರುತ್ತದೆ, ಕೆಲಸ ಮತ್ತೆ ಆರಂಭವಾಗಿ ವಾರಗಳು ಕಳೆದರೂ ಮುಗಿದಿರುವುದಿಲ್ಲ.

ಮೊದಲು ಧಕ್ಕೆಯ ಮೇಲೆ ಏನು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಹಡಗು ಕಟ್ಟೆಗೆ ಬಂದು ನಿಂತ ಮೇಲೆ ಕಾರ್ಮಿಕರು ಡೆಕ್ ಹತ್ತಿ, ಕಂಟೇನರುಗಳನ್ನು ಬಿಗಿದಿರುವ ಉದ್ದನೆಯ ಕಬ್ಬಿಣದ ಸರಳುಗಳನ್ನು ಒಂದೊಂದಾಗಿ ಸಡಿಲಿಸುತ್ತಾರೆ. ಕ್ರೇನ್ ಪೆಟ್ಟಿಗೆಯನ್ನು ಎತ್ತಿ ಕೆಳಗೆ ತರುವಾಗ ಅದು ನೆಲದಿಂದ ಸೊಂಟದೆತ್ತರದಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಆಗ ಇಬ್ಬರು ಅದರ ನಾಲ್ಕು ಮೂಲೆಗಳ ಟ್ವಿಸ್ಟ್‌ಲಾಕ್‌ಗಳನ್ನು ಕೈಯಿಂದ ತಿರುಗಿಸಿ ತೆಗೆಯುತ್ತಾರೆ. ಆಮೇಲೆಯೇ ಅದು ಟ್ರೇಲರಿನ ಮೇಲೆ ಕೂರುತ್ತದೆ. ಇನ್ನೊಬ್ಬರು ಕಂಟೇನರ್ ಸಂಖ್ಯೆಯನ್ನೂ ಸೀಲನ್ನೂ ತಾಳೆ ನೋಡುತ್ತಾರೆ. ಒಂದು ಕ್ರೇನ್ ಚೆನ್ನಾಗಿ ನಡೆದರೆ ಗಂಟೆಗೆ ಇಪ್ಪತ್ತೈದು, ಮೂವತ್ತು ಬಾರಿ ಹೀಗೆ ಎತ್ತಿ ಇಳಿಸಬಹುದು. ಈ ಕೈಗಳು ನಿಂತರೆ ಸಾವಿರಾರು ಪೆಟ್ಟಿಗೆ ಹೊತ್ತ ಹಡಗು ಕಡಲಲ್ಲೇ ಲಂಗರು ಹಾಕಬೇಕು. ಮುಷ್ಕರಕ್ಕೆ ಮುನ್ನ ಆ ಕರಾವಳಿಯ ಹೊರಗೆ ಲಂಗರು ಹಾಕಿ ಕಾಯುತ್ತಿದ್ದ ಕಂಟೇನರ್ ಹಡಗುಗಳು ಮೂರು. ಎರಡನೆಯ ದಿನಕ್ಕೆ ಅವು ಕನಿಷ್ಠ 45 ಆಗಿದ್ದವು.

ಮುಷ್ಕರದ ಒಂದು ದಿನದ ಬಾಕಿಯನ್ನು ತೀರಿಸಲು ನಾಲ್ಕರಿಂದ ಆರು ದಿನ ಬೇಕು ಎಂಬ ಅಂದಾಜು ನಮ್ಮ ಉದ್ಯಮದಲ್ಲಿ ಚಾಲ್ತಿಯಲ್ಲಿದೆ. ಕಾರಣ ಸರಳ. ಬಂದರು ಮಾಮೂಲಿ ದಿನಗಳಲ್ಲೇ ತನ್ನ ಶಕ್ತಿಯ ಬಹುಪಾಲನ್ನು ಬಳಸಿಕೊಂಡಿರುತ್ತದೆ. ಬಾಕಿ ಕೆಲಸ ತೀರಿಸಲು ಉಳಿಯುವುದು ದಿನಕ್ಕೆ ಒಂದಿಷ್ಟು ಹೆಚ್ಚುವರಿ ಗಂಟೆಗಳು ಮಾತ್ರ, ಮತ್ತು ಹೊಸ ಹಡಗುಗಳು ಬರುವುದು ನಿಲ್ಲುವುದಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ವೇಳಾಪಟ್ಟಿಯದು. ಕಂಟೇನರ್ ಹಡಗುಗಳು ವಾರಕ್ಕೊಂದರಂತೆ ನಿಗದಿತ ಮಾರ್ಗದಲ್ಲಿ ಸುತ್ತುತ್ತಿರುತ್ತವೆ. ಏಷ್ಯಾದಿಂದ ಅಮೆರಿಕದ ಪೂರ್ವ ಕರಾವಳಿಗೆ ಹೋಗಿ ಮರಳಲು ಹನ್ನೊಂದು ವಾರ ಬೇಕಾದರೆ, ಪ್ರತಿ ವಾರ ಒಂದು ಹಡಗು ಹೊರಡಲು ಹನ್ನೊಂದು ಹಡಗುಗಳೇ ಬೇಕು. ಅವುಗಳಲ್ಲಿ ಒಂದು ಐದು ದಿನ ತಡವಾದರೆ ಮುಂದಿನ ವಾರದ ಹಡಗು ಅದರ ಬೆನ್ನಿಗೇ ಬಂದು ನಿಲ್ಲುತ್ತದೆ. ಎರಡೂ ಒಂದೇ ಕಟ್ಟೆಗೆ ಒಟ್ಟಿಗೆ ಬಂದಾಗ ಒಂದು ಕಾಯಬೇಕು. ತಡವಾದ ಹಡಗು ಏಷ್ಯಾಕ್ಕೆ ಮರಳುವಷ್ಟರಲ್ಲಿ ಅದರ ಸರದಿಯ ವಾರ ದಾಟಿರುತ್ತದೆ, ಕಂಪನಿ ಆ ವಾರದ ಯಾನವನ್ನೇ ರದ್ದು ಮಾಡುತ್ತದೆ. ನಮ್ಮ ಭಾಷೆಯಲ್ಲಿ ಅದು ಬ್ಲ್ಯಾಂಕ್ ಸೇಲಿಂಗ್. ಆಗ, ಅಕ್ಟೋಬರಿನ ಮುಷ್ಕರದ ಸುದ್ದಿಯನ್ನೇ ಕೇಳಿರದ ಒಬ್ಬ ರಫ್ತುದಾರನಿಗೆ ನವೆಂಬರಿನಲ್ಲಿ ‘ನಿಮ್ಮ ಬುಕಿಂಗ್ ಮುಂದಿನ ಹಡಗಿಗೆ ರೋಲ್ ಆಗಿದೆ’ ಎಂಬ ಇಮೇಲ್ ಬರುತ್ತದೆ. ಕಾರಣವನ್ನು ಯಾರೂ ಬರೆದಿರುವುದಿಲ್ಲ.

ಲೆಕ್ಕದಮನೆ:

ಕಡಲದಾರಿಯವರೇ, ವಿವರಣೆ ಸ್ಪಷ್ಟವಾಗಿದೆ, ಆದರೆ ಇದರಿಂದ ಒಟ್ಟು ಆರ್ಥಿಕತೆಗೆ ಆಗುವ ನಷ್ಟದ ಬಗ್ಗೆ ನನಗೆ ತಕರಾರಿದೆ. ಆ ಮುಷ್ಕರದ ಸಮಯದಲ್ಲಿ ದಿನಕ್ಕೆ 380 ಕೋಟಿಯಿಂದ 450 ಕೋಟಿ ಡಾಲರ್ ನಷ್ಟ ಎಂಬ ಜೆಪಿ ಮಾರ್ಗನ್ ಬ್ಯಾಂಕಿನ ಅಂದಾಜನ್ನು ಎಲ್ಲ ಪತ್ರಿಕೆಗಳೂ ಪ್ರಕಟಿಸಿದವು. ಕೆಲಸ ಮರಳಿ ಶುರುವಾದ ಮೇಲೆ ಅದರಲ್ಲಿ ಒಂದು ಭಾಗ ವಾಪಸು ಬರುತ್ತದೆ ಎಂದು ಅದೇ ಅಂದಾಜು ಹೇಳಿದ್ದನ್ನು ಮಾತ್ರ ಬಹಳಷ್ಟು ಕಡೆ ಕೈಬಿಡಲಾಯಿತು. 2002ರಲ್ಲಿ ಪಶ್ಚಿಮ ಕರಾವಳಿ ಮುಚ್ಚಿದಾಗಲೂ ದಿನಕ್ಕೆ ನೂರು ಕೋಟಿ ಡಾಲರ್ ನಷ್ಟ ಎಂಬ ಸಂಖ್ಯೆ ಎಲ್ಲರ ಬಾಯಲ್ಲಿತ್ತು, ಅದು ವಿಪರೀತ ಎಂದು ಅರ್ಥಶಾಸ್ತ್ರಜ್ಞರು ಆಗಲೇ ಹೇಳಿದ್ದರು. ತಡವಾಗಿ ಬಂದ ಕುರ್ಚಿ ತಡವಾಗಿ ಮಾರಾಟವಾಗುತ್ತದೆ, ಕಡಲಿಗೆ ಬೀಳುವುದಿಲ್ಲ. ವಿಳಂಬವಾದ ವ್ಯಾಪಾರವನ್ನೆಲ್ಲ ಕಳೆದುಹೋದ ವ್ಯಾಪಾರವೆಂದು ಎಣಿಸಿದರೆ ಸಂಖ್ಯೆ ದೊಡ್ಡದಾಗುತ್ತದೆ, ಮತ್ತು ದೊಡ್ಡ ಸಂಖ್ಯೆ ಕಾರ್ಮಿಕರ ಮೇಲೆ ಒತ್ತಡ ಹೇರಲು ಬಳಕೆಯಾಗುತ್ತದೆ. ಇದನ್ನು ನಾವು ಗಮನಿಸಬೇಕು.

ಕಡಲದಾರಿ:

ಒಟ್ಟು ಮೊತ್ತದ ಬಗ್ಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಒಟ್ಟು ಮೊತ್ತ ಚಿಕ್ಕದು ಎಂಬ ಕಾರಣಕ್ಕೆ ನಷ್ಟವೂ ಚಿಕ್ಕದು ಎನ್ನಲಾಗುವುದಿಲ್ಲ, ಏಕೆಂದರೆ ಅದು ಸಮನಾಗಿ ಹಂಚಿಹೋಗುವುದಿಲ್ಲ. ಕುರ್ಚಿ ತಡವಾಗಿ ಮಾರಾಟವಾಗಬಹುದು. ಹಬ್ಬದ ಅಲಂಕಾರದ ಸಾಮಾನು ಹಬ್ಬ ಮುಗಿದ ಮೇಲೆ ಬಂದರೆ ಅದಕ್ಕೆ ಬೆಲೆಯೇ ಇಲ್ಲ. ಹಣ್ಣು, ಔಷಧ, ಕಾರ್ಖಾನೆಯ ಬಿಡಿಭಾಗ ಇವುಗಳ ಕಥೆ ಬೇರೆ ಬೇರೆ. ಮೂರು ತಿಂಗಳ ದಾಸ್ತಾನನ್ನು ಗೋದಾಮಿನಲ್ಲಿಡಬಲ್ಲ ದೊಡ್ಡ ಸಂಸ್ಥೆ ಮುಷ್ಕರವನ್ನು ತಾಳಿಕೊಳ್ಳುತ್ತದೆ. ಒಂದು ಕಂಟೇನರ್ ಸರಕಿಗೆ ಸಾಲ ಮಾಡಿ ಹಣ ಹಾಕಿರುವ ಸಣ್ಣ ಆಮದುದಾರನಿಗೆ ಆ ಕಂಟೇನರೇ ಅವನ ಇಡೀ ತಿಂಗಳಿನ ವಹಿವಾಟು. ದೇಶದ ಲೆಕ್ಕದಲ್ಲಿ ಅವನು ಕಾಣುವುದಿಲ್ಲ.

ತಣ್ಣನೆಪೆಟ್ಟಿಗೆ:

ಹಣ್ಣಿನ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಶೀತಲೀಕೃತ ಸರಕಿನ ವಿಭಾಗದಲ್ಲಿದ್ದೇನೆ. ಅಮೆರಿಕ ತರಿಸಿಕೊಳ್ಳುವ ಬಾಳೆಹಣ್ಣಿನ ಸುಮಾರು ಮುಕ್ಕಾಲು ಪಾಲು ಈ ಮುಷ್ಕರ ನಡೆದ ಬಂದರುಗಳ ಮೂಲಕವೇ ಬರುತ್ತದೆ. ಬಾಳೆಗೊನೆಯನ್ನು ಹಸಿರಿರುವಾಗಲೇ ಕಡಿಯುತ್ತಾರೆ, ಸುಮಾರು 13ರಿಂದ 14 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ಕಂಟೇನರಿನಲ್ಲಿ ಸಾಗಿಸುತ್ತಾರೆ. ಅದಕ್ಕಿಂತ ಹೆಚ್ಚು ತಣ್ಣಗಾದರೆ ಸಿಪ್ಪೆ ಬೂದುಬಣ್ಣಕ್ಕೆ ತಿರುಗಿ ಕಾಯಿ ಸರಿಯಾಗಿ ಹಣ್ಣಾಗುವುದಿಲ್ಲ. ಬೆಚ್ಚಗಾದರೆ ದಾರಿಯಲ್ಲೇ ಹಣ್ಣಾಗಲು ಶುರು. ಒಂದು ಕಾಯಿ ಹಣ್ಣಾದರೆ ಅದರಿಂದ ಹೊರಡುವ ಎಥಿಲೀನ್ ಅನಿಲ ಇಡೀ ಪೆಟ್ಟಿಗೆಯನ್ನು ಹಣ್ಣು ಮಾಡುತ್ತದೆ. ಅಂದರೆ ಈ ಸರಕನ್ನು ಗೋದಾಮಿನಲ್ಲಿ ಮುಂಗಡವಾಗಿ ಕೂಡಿಡುವಂತಿಲ್ಲ. ಎಷ್ಟೇ ಹಣವಿರುವ ಸಂಸ್ಥೆಯೂ ಎರಡು ತಿಂಗಳ ಬಾಳೆಹಣ್ಣನ್ನು ದಾಸ್ತಾನು ಮಾಡಲಾರದು.

ಇದಕ್ಕೆ ಇನ್ನೊಂದು ತುದಿಯೂ ಇದೆ. ತೋಟದಲ್ಲಿ ಗೊನೆ ಕಡಿಯುವ ದಿನವನ್ನು ಹಡಗು ಬರುವ ದಿನಕ್ಕೆ ಹೊಂದಿಸಿರುತ್ತಾರೆ. ಹಡಗು ಬರುವುದಿಲ್ಲವೆಂದರೆ ಗೊನೆ ಗಿಡದಲ್ಲೇ ಬಲಿತು ರಫ್ತಿನ ದರ್ಜೆ ಕಳೆದುಕೊಳ್ಳುತ್ತದೆ. ಮಧ್ಯ ಅಮೆರಿಕದ ತೋಟದ ಕೂಲಿಯವನಿಗೆ ಆ ವಾರ ಕಡಿಯುವ ಕೆಲಸವೂ ಇಲ್ಲ, ಪ್ಯಾಕಿಂಗ್ ಕೆಲಸವೂ ಇಲ್ಲ. ಒಂದು ಬಂದರಿನ ಕಾರ್ಮಿಕರ ಹೋರಾಟದ ಬೆಲೆಯನ್ನು ಇನ್ನೊಂದು ದೇಶದ ಕಾರ್ಮಿಕರೂ ತೆರುತ್ತಾರೆ ಎಂಬುದು ನನ್ನನ್ನು ಕಾಡುವ ಸಂಗತಿ. ಹೋರಾಟ ತಪ್ಪು ಎಂದು ನಾನು ಹೇಳುತ್ತಿಲ್ಲ. ನಷ್ಟದ ಪಟ್ಟಿಯಲ್ಲಿ ಆತನ ಹೆಸರೂ ಇರಬೇಕು ಎನ್ನುತ್ತಿದ್ದೇನೆ.

ಬಿಡಿಭಾಗ:

ಕಾರ್ಖಾನೆಯ ಕಡೆಯಿಂದ ಎರಡು ಉದಾಹರಣೆಗಳನ್ನು ಸೇರಿಸುತ್ತೇನೆ. 2002ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ 29 ಬಂದರುಗಳು ಸುಮಾರು ಹತ್ತು ದಿನ ಮುಚ್ಚಿದಾಗ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್ ಮತ್ತು ಟೊಯೊಟಾ ಜಂಟಿಯಾಗಿ ನಡೆಸುತ್ತಿದ್ದ ನುಮ್ಮಿ ಕಾರು ಕಾರ್ಖಾನೆ ಬಿಡಿಭಾಗಗಳಿಲ್ಲದೆ ಉತ್ಪಾದನೆ ನಿಲ್ಲಿಸಬೇಕಾಯಿತು. ಅಗತ್ಯವಿದ್ದಷ್ಟನ್ನು ಅಗತ್ಯವಿದ್ದ ಹೊತ್ತಿಗೆ ತರಿಸಿಕೊಳ್ಳುವ ಪದ್ಧತಿಗೆ ಹೆಸರಾಗಿದ್ದ ಕಾರ್ಖಾನೆ ಅದು. ದಾಸ್ತಾನು ಇಟ್ಟುಕೊಳ್ಳದಿರುವುದರಿಂದ ಉಳಿಯುವ ಹಣ ಪ್ರತಿ ತಿಂಗಳೂ ಲೆಕ್ಕದಲ್ಲಿ ಕಾಣುತ್ತದೆ, ದಾಸ್ತಾನು ಇಲ್ಲದಿರುವುದರ ಅಪಾಯ ಮಾತ್ರ ಇಂಥ ದಿನಗಳವರೆಗೆ ಯಾವ ಲೆಕ್ಕದಲ್ಲೂ ಕಾಣುವುದಿಲ್ಲ. ಕಾರಿನಲ್ಲಿ ಸಾವಿರಾರು ಭಾಗಗಳಿರುತ್ತವೆ. ಒಂದೇ ಒಂದು ಬ್ರ್ಯಾಕೆಟ್ ಬರದಿದ್ದರೂ ಸಾಲು ನಿಲ್ಲಬೇಕು, ಉಳಿದೆಲ್ಲ ಭಾಗಗಳನ್ನು ಕಳಿಸುವವರ ಸಾಲುಗಳೂ ಅದರ ಹಿಂದೆ ನಿಲ್ಲಬೇಕು.

ಎರಡನೆಯದು 2014ರ ಡಿಸೆಂಬರ್‌ನದು. ಆಗ ಪಶ್ಚಿಮ ಕರಾವಳಿಯಲ್ಲಿ ಮುಷ್ಕರವೂ ಇರಲಿಲ್ಲ. ಒಪ್ಪಂದ ಜುಲೈನಲ್ಲೇ ಮುಗಿದಿತ್ತು, ಮಾತುಕತೆ ಎಳೆಯುತ್ತಿತ್ತು, ಕೆಲಸ ನಿಧಾನವಾಗಿತ್ತು. ಅಷ್ಟಕ್ಕೇ ಜಪಾನಿನ ಮೆಕ್‌ಡೊನಾಲ್ಡ್ಸ್ ಅಂಗಡಿಗಳಲ್ಲಿ ಆಲೂಗಡ್ಡೆಯ ಫ್ರೈಸ್ ಸಾಲದೆ, ಚಿಕ್ಕ ಅಳತೆಯ ಪೊಟ್ಟಣವನ್ನು ಮಾತ್ರ ಮಾರುವಂತಾಯಿತು. ಕಂಪನಿ ಸುಮಾರು 1,000 ಟನ್ ಆಲೂಗಡ್ಡೆಯನ್ನು ವಿಮಾನದಲ್ಲಿ ತರಿಸಿತು, ಇನ್ನೂ 1,600 ಟನ್ ಸರಕನ್ನು ಅಮೆರಿಕದ ಪೂರ್ವ ಕರಾವಳಿಯಿಂದ ಹಡಗಿನಲ್ಲಿ ಸುತ್ತುಹಾಕಿಸಿ ತಂದಿತು. ಆಲೂಗಡ್ಡೆಯನ್ನು ವಿಮಾನದಲ್ಲಿ ತರುವ ಖರ್ಚನ್ನು ಒಂದು ದೊಡ್ಡ ಸಂಸ್ಥೆ ಹೊರಬಲ್ಲದು, ಎಲ್ಲರೂ ಹೊರಲಾರರು. ಬಂದರು ಪೂರ್ತಿ ನಿಲ್ಲಬೇಕೆಂದಿಲ್ಲ, ನಿಧಾನವಾದರೂ ಸಾಕು ಎಂಬುದಕ್ಕೆ ಇದು ಸಾಕ್ಷಿ.

ದುಡಿಮೆಗಾರ:

ಇಷ್ಟು ಹೊತ್ತು ಸರಕಿನ ಮಾತಾಯಿತು. ಸರಕನ್ನು ಇಳಿಸುವವರ ಮಾತನ್ನೂ ಸ್ವಲ್ಪ ವಿವರವಾಗಿ ಆಡಲು ಅವಕಾಶ ಕೊಡಿ, ಏಕೆಂದರೆ ಮುಷ್ಕರವನ್ನು ಚಂಡಮಾರುತದಂತೆ ಎಲ್ಲಿಂದಲೋ ಬಂದೆರಗುವ ಪ್ರಕೃತಿ ವಿಕೋಪವೆಂದು ಬಣ್ಣಿಸುವ ಬರಹಗಳನ್ನು ಓದಿ ಬೇಸರವಾಗಿದೆ.

ಬಂದರಿನ ಕೆಲಸ ಮೊದಲಿನಿಂದಲೂ ದಿನಗೂಲಿಯ ಕೆಲಸ. ಹಡಗು ಬಂದ ದಿನ ಕೂಲಿ, ಬಾರದ ದಿನ ಉಪವಾಸ. 1889ರಲ್ಲಿ ಲಂಡನ್ ಧಕ್ಕೆಯ ಕಾರ್ಮಿಕರು ಗಂಟೆಗೆ ಆರು ಪೆನ್ಸ್ ಕೂಲಿ ಕೇಳಿ ಸುಮಾರು ಐದು ವಾರ ಮುಷ್ಕರ ಹೂಡಿದರು. ಅವರ ಮಕ್ಕಳ ಹೊಟ್ಟೆ ತುಂಬಿಸಲು ಆಸ್ಟ್ರೇಲಿಯಾದ ಜನ 30,000 ಪೌಂಡ್ ಕಳುಹಿಸಿದ್ದರಿಂದಲೇ ಆ ಮುಷ್ಕರ ಉಳಿಯಿತು. ಅಮೆರಿಕದಲ್ಲಿ ಬೆಳಗ್ಗೆ ಗೇಟಿನ ಮುಂದೆ ಗುಂಪಾಗಿ ನಿಲ್ಲುವುದು, ಮೇಸ್ತ್ರಿ ಬೆರಳು ತೋರಿಸಿದವನಿಗೆ ಅಂದಿನ ಕೆಲಸ ಸಿಗುವುದು ಎಂಬ ಪದ್ಧತಿಯಿತ್ತು. ಮೇಸ್ತ್ರಿಗೆ ಲಂಚ ಕೊಟ್ಟವನಿಗೇ ಬೆರಳು ತಿರುಗುತ್ತಿತ್ತು. 1934ರಲ್ಲಿ ಪಶ್ಚಿಮ ಕರಾವಳಿಯ ಕಾರ್ಮಿಕರು 83 ದಿನ ಮುಷ್ಕರ ಮಾಡಿದ್ದು ಮುಖ್ಯವಾಗಿ ಈ ಪದ್ಧತಿಯ ವಿರುದ್ಧ. ಜುಲೈ 5ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಕೊನೆಗೆ ಕೆಲಸ ಹಂಚುವ ಕೇಂದ್ರಗಳಲ್ಲಿ ಸಂಘಕ್ಕೆ ಅಧಿಕಾರ ಸಿಕ್ಕಿತು. ಇಂದು ಅವರ ಕೂಲಿ ಚೆನ್ನಾಗಿದೆ ಎಂದು ಹುಬ್ಬೇರಿಸುವವರು ಈ ಇತಿಹಾಸವನ್ನು ತಿಳಿದಿರಬೇಕು.

ಆಮೇಲೆ ಕಂಟೇನರ್ ಬಂತು. 1956ರ ಏಪ್ರಿಲ್‌ನಲ್ಲಿ ಮಾಲ್ಕಮ್ ಮೆಕ್ಲೀನ್ ಅವರ ‘ಐಡಿಯಲ್ ಎಕ್ಸ್’ ಹಡಗು 58 ಕಂಟೇನರುಗಳನ್ನು ಹೊತ್ತು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಅಲ್ಲಿಯವರೆಗೆ ಮೂಟೆ, ಪೀಪಾಯಿ, ಪೆಟ್ಟಿಗೆಗಳನ್ನು ಹೆಗಲ ಮೇಲೆ ಹೊತ್ತು ದಿನಗಟ್ಟಲೆ ಇಳಿಸುತ್ತಿದ್ದ ಕೆಲಸವನ್ನು ಮುಂದೆ ಕೆಲವೇ ಜನ ಕೆಲವೇ ಗಂಟೆಗಳಲ್ಲಿ ಮುಗಿಸುವಂತಾಯಿತು. ಕೆಲಸ ಕಳೆದುಕೊಂಡವರು ಲೆಕ್ಕವಿಲ್ಲದಷ್ಟು. 1960ರಲ್ಲಿ ಪಶ್ಚಿಮ ಕರಾವಳಿಯ ಸಂಘ ಯಂತ್ರಗಳನ್ನು ಒಪ್ಪಿಕೊಂಡು, ಬದಲಿಗೆ ಉದ್ಯೋಗ ಭದ್ರತೆ ಮತ್ತು ನಿವೃತ್ತಿ ನಿಧಿಯನ್ನು ಪಡೆಯಿತು. ಯಂತ್ರದಿಂದ ಬರುವ ಲಾಭದಲ್ಲಿ ಪಾಲು ಕೇಳುವ ಆ ಮಾದರಿ ನ್ಯಾಯವಾದದ್ದು ಎಂದು ನಾನು ನಂಬಿದ್ದೇನೆ. ಆದರೂ 1971ರಲ್ಲಿ ಕಂಟೇನರ್ ತುಂಬುವ ಕೆಲಸ ಯಾರದು ಎಂಬಂಥ ಪ್ರಶ್ನೆಗಳ ಮೇಲೆ ಅಲ್ಲೇ 134 ದಿನಗಳ ಮುಷ್ಕರ ನಡೆಯಬೇಕಾಯಿತು.

2024ರ ಮುಷ್ಕರವನ್ನು ಇದೇ ಸಾಲಿನಲ್ಲಿ ನೋಡಬೇಕು. ಆ ಜೂನ್‌ನಲ್ಲಿ ಐಎಲ್‌ಎ ಮಾತುಕತೆಯಿಂದ ಹೊರನಡೆದದ್ದು ಅಲಬಾಮಾದ ಮೊಬೀಲ್ ಬಂದರಿನ ಒಂದು ಟರ್ಮಿನಲ್ಲಿನಲ್ಲಿ ಲಾರಿಗಳನ್ನು ಮನುಷ್ಯರಿಲ್ಲದೆ ಒಳಬಿಡುವ ಸ್ವಯಂಚಾಲಿತ ಗೇಟ್ ಬಳಕೆಯಲ್ಲಿದೆ ಎಂಬ ಕಾರಣಕ್ಕೆ. ವೇತನದ ಪ್ರಶ್ನೆಯಲ್ಲಿ ಮಾಲೀಕರ ಒಕ್ಕೂಟ ಮೊದಲು ಕೊಡಲು ಮುಂದೆ ಬಂದದ್ದು ಆರು ವರ್ಷಗಳಲ್ಲಿ ಸುಮಾರು ಶೇ 50ರ ಹೆಚ್ಚಳ, ಮುಷ್ಕರದ ನಂತರ ಒಪ್ಪಿದ್ದು ಶೇ 62. ಗಂಟೆಗೆ 39 ಡಾಲರ್ ಇದ್ದ ಮೂಲ ಕೂಲಿ 63 ಡಾಲರ್ ಆಗುತ್ತದೆ. ಕೋವಿಡ್ ಕಾಲದಲ್ಲಿ ಇವರು ಧಕ್ಕೆಯ ಮೇಲೆ ದುಡಿದರು, ಹಡಗು ಕಂಪನಿಗಳು ದಾಖಲೆ ಲಾಭ ಮಾಡಿದವು, ಬೆಲೆಯೇರಿಕೆ ಕೂಲಿಯನ್ನು ನುಂಗಿತು. ಇದರಲ್ಲಿ ಅನ್ಯಾಯದ ಬೇಡಿಕೆ ಯಾವುದು?

ಲೆಕ್ಕದಮನೆ:

ದುಡಿಮೆಗಾರರೇ, ವೇತನದ ಬೇಡಿಕೆ ಅನ್ಯಾಯವೆಂದು ನಾನು ಹೇಳುವುದಿಲ್ಲ. ಸ್ವಯಂಚಾಲನೆಯನ್ನು ತಡೆಯುವ ಬೇಡಿಕೆಯ ಬಗ್ಗೆ ನನಗೆ ಸಂದೇಹವಿದೆ. ರಾಟರ್‌ಡ್ಯಾಮ್‌ನಲ್ಲಿ 1993ರಿಂದಲೇ ಸ್ವಯಂಚಾಲಿತ ಟರ್ಮಿನಲ್ ನಡೆಯುತ್ತಿದೆ. ಯಂತ್ರವನ್ನು ಬಾಗಿಲಲ್ಲೇ ತಡೆದರೆ ಸರಕು ಬೇರೆ ಬಂದರಿಗೆ ಹೋಗುವುದಿಲ್ಲವೇ? 1960ರ ಮಾದರಿ ನ್ಯಾಯವಾದದ್ದು ಎಂದು ನೀವೇ ಹೇಳಿದ್ದೀರಿ. ಅದು ಯಂತ್ರವನ್ನು ಒಪ್ಪಿಕೊಂಡ ಮಾದರಿ.

ದುಡಿಮೆಗಾರ:

ಪ್ರಶ್ನೆ ಸರಿಯಾಗಿದೆ. 2025ರ ಜನವರಿಯ ಒಪ್ಪಂದದಲ್ಲಿ ಆದದ್ದೂ ಹೆಚ್ಚುಕಡಿಮೆ ಅದೇ: ಪೂರ್ಣ ಸ್ವಯಂಚಾಲನೆಗೆ ಅವಕಾಶವಿಲ್ಲ, ಹೊಸ ತಂತ್ರಜ್ಞಾನ ತರುವುದಾದರೆ ಅದರ ಜೊತೆಗೆ ಉದ್ಯೋಗದ ಖಾತರಿ ಬರಬೇಕು. ಸಂಘ ಬೀದಿಯಲ್ಲಿ ಹೇಳುವ ಮಾತಿಗೂ ಮೇಜಿನ ಮೇಲೆ ಸಹಿ ಹಾಕುವ ಮಾತಿಗೂ ಯಾವಾಗಲೂ ಒಂದಿಷ್ಟು ಅಂತರವಿರುತ್ತದೆ, ಅದು ಚೌಕಾಸಿಯ ಸ್ವಭಾವ. ಇನ್ನು ಸ್ವಯಂಚಾಲಿತ ಟರ್ಮಿನಲ್ ಎಲ್ಲ ಕಡೆ ಹೆಚ್ಚು ವೇಗವಾಗಿ ಕೆಲಸ ಮಾಡುತ್ತದೆ ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. ಕೂಲಿ ಉಳಿಯುವುದು ನಿಜ, ವೇಗ ಹೆಚ್ಚುವುದು ಎಲ್ಲ ಕಡೆಯೂ ನಿಜವಲ್ಲ.

ಹೊಸಓದುಗ:

ಹಿರಿಯರಲ್ಲಿ ಒಂದು ಸರಳ ಪ್ರಶ್ನೆ. ಪೂರ್ವ ಕರಾವಳಿ ಮುಚ್ಚಿದರೆ ಹಡಗುಗಳನ್ನು ಪಶ್ಚಿಮ ಕರಾವಳಿಗೋ ಕೆನಡಾಕ್ಕೋ ತಿರುಗಿಸಬಹುದಲ್ಲವೇ? ಅಷ್ಟು ದಿನ ಕಡಲಲ್ಲಿ ಕಾಯುವುದೇಕೆ?

ಕಡಲದಾರಿ:

ತಿರುಗಿಸುತ್ತಾರೆ, ಆದರೆ ಮೊದಲೇ ಯೋಚಿಸಿ ತಿರುಗಿಸಿದವರಿಗೆ ಮಾತ್ರ ಅದರಿಂದ ಲಾಭ. ಈಗಾಗಲೇ ಅಟ್ಲಾಂಟಿಕ್‌ನಲ್ಲಿರುವ ಹಡಗು ಪನಾಮಾ ಕಾಲುವೆ ದಾಟಿ ಪಶ್ಚಿಮಕ್ಕೆ ಹೋಗುವಷ್ಟರಲ್ಲಿ ಎರಡು ವಾರವೇ ಕಳೆಯಬಹುದು. ಮುಷ್ಕರ ಎಷ್ಟು ದಿನ ನಡೆಯುತ್ತದೆ ಎಂಬುದು ಯಾರಿಗೂ ತಿಳಿದಿರುವುದಿಲ್ಲ, ಹಾಗಾಗಿ ಕಾಯುವುದೇ ಅಗ್ಗ ಎಂದು ಕಂಪನಿಗಳು ಲೆಕ್ಕ ಹಾಕುತ್ತವೆ. ತಿರುಗಿಸಿದರೂ ಆ ಬಂದರಿನಲ್ಲಿ ಕಟ್ಟೆ ಖಾಲಿ ಇರಬೇಕು, ಕಂಟೇನರ್ ಹೊರಲು ಚಾಸಿಗಳಿರಬೇಕು, ಒಳನಾಡಿಗೆ ಒಯ್ಯಲು ರೈಲಿನಲ್ಲಿ ಜಾಗವಿರಬೇಕು. ಕೆನಡಾ ಎಂದಿರಿ. 2024ರ ಸೆಪ್ಟೆಂಬರ್ 30ರಂದೇ ಮಾಂಟ್ರಿಯಲ್‌ನ ಎರಡು ಟರ್ಮಿನಲ್‌ಗಳ ಕಾರ್ಮಿಕರೂ ಮೂರು ದಿನಗಳ ಮುಷ್ಕರ ಆರಂಭಿಸಿದ್ದರು. ಅದಕ್ಕೂ ಕೆಲವೇ ದಿನ ಮೊದಲು ಹೆಲೀನ್ ಚಂಡಮಾರುತ ಆಗ್ನೇಯ ರಾಜ್ಯಗಳ ರಸ್ತೆ, ರೈಲುಗಳನ್ನು ಹಾಳುಮಾಡಿತ್ತು.

ಇನ್ನೊಂದು ಮಾತು. ಸರಕು ಪಡೆದದ್ದಕ್ಕೆ ಹಡಗು ಕಂಪನಿ ಕೊಡುವ ಸಾಗಣೆ ಪತ್ರ, ಅಂದರೆ ಬಿಲ್ ಆಫ್ ಲೇಡಿಂಗ್‌ನ ಹಿಂಬದಿಯ ಸಣ್ಣಕ್ಷರಗಳನ್ನು ಓದಿದರೆ, ಗೊತ್ತಾದ ಬಂದರಿಗೆ ತಲುಪಲಾಗದಿದ್ದಾಗ ಸರಕನ್ನು ಬೇರೆ ಅನುಕೂಲಕರ ಬಂದರಿನಲ್ಲಿ ಇಳಿಸಿ ಸಾಗಣೆ ಮುಗಿಯಿತೆಂದು ಘೋಷಿಸುವ ಹಕ್ಕನ್ನು ಹಡಗು ಕಂಪನಿಗಳು ಸಾಮಾನ್ಯವಾಗಿ ಉಳಿಸಿಕೊಂಡಿರುತ್ತವೆ. ಆಗ ಅಲ್ಲಿಂದ ಮುಂದಿನ ಸಾಗಣೆಯ ಖರ್ಚು ಸರಕಿನ ಮಾಲೀಕನ ತಲೆಯ ಮೇಲೆ.

ದೀರ್ಘಾವಧಿಯಲ್ಲಿ ಸರಕು ದಾರಿ ಬದಲಿಸುವುದಂತೂ ನಿಜ. 2022ರ ಜುಲೈನಲ್ಲಿ ಪಶ್ಚಿಮ ಕರಾವಳಿಯ ಒಪ್ಪಂದ ಮುಗಿದಾಗ ಅಲ್ಲಿ ಮುಷ್ಕರವಾಗಬಹುದೆಂಬ ಭಯದಿಂದಲೇ ಆಮದುದಾರರು ಪೂರ್ವಕ್ಕೆ ತಿರುಗಿದರು. ಆ ವರ್ಷದ ಕೆಲವು ತಿಂಗಳು ನ್ಯೂಯಾರ್ಕ್–ನ್ಯೂಜೆರ್ಸಿ ಬಂದರು ಲಾಸ್ ಏಂಜಲೀಸ್‌ ಅನ್ನು ಹಿಂದಿಕ್ಕಿ ಅಮೆರಿಕದ ಅತಿ ಹೆಚ್ಚು ಕಂಟೇನರ್ ನಿರ್ವಹಿಸುವ ಬಂದರಾಗಿತ್ತು. ಎರಡು ವರ್ಷದ ನಂತರ ಭಯ ಪೂರ್ವಕ್ಕೆ ಬಂತು, ಸರಕು ಪಶ್ಚಿಮಕ್ಕೆ ಮರಳಿತು.

ವಿಮೆಪತ್ರ:

ಹಣದ ಹೊರೆ ಯಾರ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಗೆ ಸೇರಿಸುತ್ತೇನೆ. ‘ನಮ್ಮ ಸರಕಿಗೆ ಎಲ್ಲ ಅಪಾಯಗಳ ವಿಮೆ ಇದೆ, ಮುಷ್ಕರದ ವಿಮೆಯೂ ಇದೆ’ ಎಂದು ನೆಮ್ಮದಿಯಿಂದಿರುವ ಆಮದುದಾರರನ್ನು ನಾನು ಆಗಾಗ ಭೇಟಿಯಾಗುತ್ತೇನೆ. ದಯವಿಟ್ಟು ಪತ್ರವನ್ನು ಓದಿ. ಸರಕು ವಿಮೆಯಲ್ಲಿ ಅತಿ ವಿಶಾಲವಾದದ್ದು ಎನ್ನಲಾಗುವ ಇನ್‌ಸ್ಟಿಟ್ಯೂಟ್ ಕಾರ್ಗೊ ಕ್ಲಾಜಸ್ ‘ಎ’ ಷರತ್ತುಗಳಲ್ಲಿ ವಿಳಂಬದಿಂದಾಗುವ ನಷ್ಟವನ್ನು ಸ್ಪಷ್ಟವಾಗಿ ಹೊರಗಿಟ್ಟಿದ್ದಾರೆ, ಆ ವಿಳಂಬ ವಿಮೆಯೊಳಗಿನ ಅಪಾಯದಿಂದಲೇ ಆಗಿದ್ದರೂ ಕೂಡ. ಪ್ರತ್ಯೇಕವಾಗಿ ಕೊಳ್ಳುವ ಮುಷ್ಕರದ ಷರತ್ತುಗಳು, ಮುಷ್ಕರ ನಿರತರು ಸರಕಿಗೆ ಭೌತಿಕ ಹಾನಿ ಮಾಡಿದರೆ ಮಾತ್ರ ಪರಿಹಾರ ಕೊಡುತ್ತವೆ. ಕೆಲಸಕ್ಕೆ ಜನರಿಲ್ಲದೆ ಆದ ನಷ್ಟವನ್ನು ಅಲ್ಲಿಯೂ ಹೊರಗಿಟ್ಟಿದ್ದಾರೆ. ಅಂದರೆ ಕಂಟೇನರಿಗೆ ಕಲ್ಲು ಬಿದ್ದರೆ ಪರಿಹಾರವುಂಟು, ಕಂಟೇನರ್ ಮೂರು ವಾರ ನಿಂತು ಒಳಗಿನ ಹಣ್ಣು ಕೊಳೆತರೆ ಇಲ್ಲ. ಒಂದು ಸಮಾಧಾನವೆಂದರೆ, ನಮ್ಮ ಕೈಮೀರಿದ ವಿಳಂಬದ ಅವಧಿಯಲ್ಲಿ ವಿಮೆ ಜಾರಿಯಲ್ಲಿ ಉಳಿಯುತ್ತದೆ, ನಿಂತ ಜಾಗದಲ್ಲಿ ಬೆಂಕಿ ಬಿದ್ದರೆ ರಕ್ಷಣೆ ಇದೆ.

ಎರಡನೆಯ ಹೊರೆ ಡೆಮರೇಜ್ ಮತ್ತು ಡಿಟೆನ್ಷನ್. ಉಚಿತ ದಿನಗಳು ಮುಗಿದ ಮೇಲೆ ಕಂಟೇನರ್ ಬಂದರಿನಲ್ಲಿ ನಿಂತಿದ್ದಕ್ಕೆ ಡೆಮರೇಜ್, ಹೊರಗೆ ಒಯ್ದ ಕಂಟೇನರನ್ನು ಹೊತ್ತಿಗೆ ಮರಳಿಸದಿದ್ದಕ್ಕೆ ಡಿಟೆನ್ಷನ್. ಮುಷ್ಕರದಲ್ಲಿ ಬಂದರಿನ ಗೇಟೇ ಮುಚ್ಚಿರುವಾಗ ಖಾಲಿ ಕಂಟೇನರನ್ನು ಎಲ್ಲಿ ಮರಳಿಸುವುದು? ಆದರೂ ಬಿಲ್ ಬರುತ್ತದೆ. ನನಗೆ ಪರಿಚಿತರಾದ ಒಬ್ಬ ಆಮದುದಾರರಿಗೆ, ಗೇಟು ಮುಚ್ಚಿದ್ದ ದಿನಗಳನ್ನೂ ಸೇರಿಸಿ ಬಿಲ್ ಕಳುಹಿಸಲಾಗಿತ್ತು. ಅವರು ಗೇಟು ಮುಚ್ಚಿದ್ದರ ಪ್ರಕಟಣೆ, ಲಾರಿಗೆ ಸಮಯ ಕೋರಿದ ಮತ್ತು ಅದು ಸಿಗದ ಇಮೇಲ್‌ಗಳು, ಎಲ್ಲವನ್ನೂ ದಿನಾಂಕವಾರು ಜೋಡಿಸಿ ತಕರಾರು ಸಲ್ಲಿಸಿದ್ದರಿಂದ ಆ ದಿನಗಳ ಮೊತ್ತವನ್ನು ಕೈಬಿಟ್ಟರು. ಅಮೆರಿಕದಲ್ಲಿ ಕಡಲ ಸಾಗಣೆಯನ್ನು ನಿಯಂತ್ರಿಸುವ ಫೆಡರಲ್ ಮ್ಯಾರಿಟೈಮ್ ಕಮಿಷನ್ 2020ರಲ್ಲೇ ಈ ತತ್ವವನ್ನು ಹೇಳಿದೆ: ಈ ಶುಲ್ಕಗಳ ಉದ್ದೇಶ ಸರಕು ಬೇಗ ಚಲಿಸುವಂತೆ ಪ್ರೇರೇಪಿಸುವುದು, ಸರಕು ಚಲಿಸಲು ಸಾಧ್ಯವೇ ಇಲ್ಲದಾಗ ಶುಲ್ಕ ಆ ಉದ್ದೇಶವನ್ನು ಪೂರೈಸುವುದಿಲ್ಲ. ಕಾಗದಪತ್ರಗಳನ್ನು ಜೋಪಾನ ಮಾಡದವರಿಗೆ ಈ ತತ್ವದಿಂದ ಪ್ರಯೋಜನವಿಲ್ಲ.

ರಫ್ತುಕಡತ:

ವಿಮೆಪತ್ರ ಅವರಿಗೆ ಧನ್ಯವಾದಗಳು. ರಫ್ತುದಾರರ ಕಡೆಯಿಂದ ಎರಡು ತೊಂದರೆಗಳಿವೆ. ಆಮದು ನಿಂತರೆ ರಫ್ತಿಗೇನು ಎಂದು ಕೇಳುವವರಿದ್ದಾರೆ. ಆಮದಾದ ಕಂಟೇನರ್ ಖಾಲಿಯಾಗಿ ಮರಳಿದರೆ ತಾನೇ ರಫ್ತಿಗೆ ಕಂಟೇನರ್ ಸಿಗುವುದು! ತುಂಬಿದ ಪೆಟ್ಟಿಗೆಗಳು ಒಂದು ದೇಶದ ಬಂದರಿನಲ್ಲಿ ಕೂತರೆ, ಇನ್ನೊಂದು ಖಂಡದ ರಫ್ತುದಾರನ ಅಂಗಳದಲ್ಲಿ ಸರಕು ಸಿದ್ಧವಿದ್ದರೂ ತುಂಬಲು ಪೆಟ್ಟಿಗೆ ಇರುವುದಿಲ್ಲ.

ಇನ್ನೊಂದು ಲೆಟರ್ ಆಫ್ ಕ್ರೆಡಿಟ್, ಅಂದರೆ ಷರತ್ತಿನಂತೆ ಕಾಗದಪತ್ರ ಒಪ್ಪಿಸಿದರೆ ಹಣ ಕೊಡುತ್ತೇನೆಂದು ಖರೀದಿದಾರನ ಬ್ಯಾಂಕು ಕೊಡುವ ಭರವಸೆ ಪತ್ರ. ಅದರಲ್ಲಿ ಸರಕು ಹಡಗೇರಬೇಕಾದ ಕೊನೆಯ ದಿನಾಂಕ ನಮೂದಾಗಿರುತ್ತದೆ. ಬ್ಯಾಂಕು ನೋಡುವುದು ಕಾಗದವನ್ನು ಮಾತ್ರ. ಬಂದರಿನಲ್ಲಿ ಮುಷ್ಕರವಿತ್ತು ಎಂಬ ಕಾರಣಕ್ಕೆ ಆ ದಿನಾಂಕ ತಾನಾಗಿ ಮುಂದೆ ಹೋಗುವುದಿಲ್ಲ. ಖರೀದಿದಾರ ಒಪ್ಪಿ ತಿದ್ದುಪಡಿ ಮಾಡಿಸಿದರೆ ಸರಿ, ಮಾರುಕಟ್ಟೆ ಕುಸಿದಿದ್ದರೆ ಅವನು ತಿದ್ದುಪಡಿಗೆ ಬೆಲೆ ಇಳಿಸಲು ಕೇಳುತ್ತಾನೆ. ಮುಷ್ಕರದ ಸೂಚನೆ ಕಂಡ ಕೂಡಲೇ, ಸರಕು ಕಾರ್ಖಾನೆಯಲ್ಲಿರುವಾಗಲೇ ತಿದ್ದುಪಡಿ ಕೇಳಿ ಎಂಬುದು ನನ್ನ ಸಲಹೆ.

ಲೆಕ್ಕದಮನೆ:

ಹಾಗಾದರೆ ಸರ್ಕಾರ ಮಧ್ಯೆ ಬರಬೇಕೇ? ಅಮೆರಿಕದಲ್ಲಿ 1947ರ ಟಾಫ್ಟ್–ಹಾರ್ಟ್ಲಿ ಕಾಯ್ದೆಯ ಪ್ರಕಾರ ಅಧ್ಯಕ್ಷರು ನ್ಯಾಯಾಲಯದ ಮೂಲಕ ಕೆಲಸ ನಿಲ್ಲಿಸುವುದನ್ನು 80 ದಿನಗಳ ಕಾಲ ತಡೆಯಬಹುದು. 2002ರಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಅದನ್ನು ಬಳಸಿದರು. 2024ರಲ್ಲಿ ಜೋ ಬೈಡನ್ ಬಳಸಲು ನಿರಾಕರಿಸಿದರು. ಬಂದರು ಎಲ್ಲರಿಗೂ ಸೇರಿದ ದಾರಿ, ಎರಡು ಪಕ್ಷಗಳ ಜಗಳಕ್ಕೆ ಅದನ್ನು ಮುಚ್ಚಲು ಬಿಡಬಾರದು ಎಂಬ ವಾದದಲ್ಲಿ ಹುರುಳಿಲ್ಲವೇ?

ದುಡಿಮೆಗಾರ:

2002ರಲ್ಲಿ ಬಂದರು ಮುಚ್ಚಿದವರು ಕಾರ್ಮಿಕರಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಕೆಲಸ ನಿಧಾನ ಮಾಡುತ್ತಿದ್ದಾರೆಂದು ದೂರಿ, ಮಾಲೀಕರ ಒಕ್ಕೂಟವೇ ಗೇಟಿಗೆ ಬೀಗ ಹಾಕಿತ್ತು. ಕೆನಡಾದಲ್ಲಿಯೂ 2024ರ ನವೆಂಬರ್‌ನಲ್ಲಿ ಬ್ರಿಟಿಷ್ ಕೊಲಂಬಿಯಾ ಮತ್ತು ಮಾಂಟ್ರಿಯಲ್ ಎರಡೂ ಕಡೆ ಮಾಲೀಕರು ಲಾಕೌಟ್ ಘೋಷಿಸಿದರು, ನವೆಂಬರ್ 12ರಂದು ಕಾರ್ಮಿಕ ಸಚಿವರು ಕೆಲಸ ಆರಂಭಿಸಿ ಕಡ್ಡಾಯ ಮಧ್ಯಸ್ಥಿಕೆಗೆ ಹೋಗುವಂತೆ ಆದೇಶಿಸಿದರು. ಸರ್ಕಾರ ಹೇಗೂ ಬಂದೇ ಬರುತ್ತದೆ ಎಂದು ಗೊತ್ತಿದ್ದರೆ ಮಾಲೀಕರಿಗೆ ಮಾತುಕತೆಯಲ್ಲಿ ಶ್ರದ್ಧೆಯೇ ಇರುವುದಿಲ್ಲ. ಗೇಟು ಮುಚ್ಚಿ ನಾಲ್ಕು ದಿನ ಕಾದರೆ ಸಾಕು. 2024ರ ಅಕ್ಟೋಬರ್‌ನಲ್ಲಿ ಅಧ್ಯಕ್ಷರು ಕಾಯ್ದೆ ಬಳಸುವುದಿಲ್ಲವೆಂದು ಹೇಳಿದ್ದರಿಂದಲೇ ಶೇ 50 ಇದ್ದದ್ದು ಮೂರು ದಿನದಲ್ಲಿ ಶೇ 62 ಆಯಿತು ಎಂದು ನಾನು ಭಾವಿಸುತ್ತೇನೆ.

ಲೆಕ್ಕದಮನೆ:

ಅದನ್ನೇ ಇನ್ನೊಂದು ಕಡೆಯಿಂದ ನೋಡಿದರೆ, ಮೂರು ದಿನದಲ್ಲಿ ಮುಗಿದದ್ದು ಅದೃಷ್ಟ. ಬ್ರಿಟಿಷ್ ಕೊಲಂಬಿಯಾದಲ್ಲಿ 2023ರ ಜುಲೈನಲ್ಲಿ ಸುಮಾರು 7,400 ಕಾರ್ಮಿಕರ ಮುಷ್ಕರ 13 ದಿನ ನಡೆಯಿತು. ಆ ಹಂತದಲ್ಲೂ ಸರ್ಕಾರ ಸುಮ್ಮನಿರಬೇಕೇ ಎಂಬ ನನ್ನ ಪ್ರಶ್ನೆ ಉಳಿದೇ ಇದೆ. ನಾವಿಬ್ಬರೂ ಇದರಲ್ಲಿ ಒಪ್ಪುವುದಿಲ್ಲ, ಇರಲಿ.

ಕಡಲದಾರಿ:

ಅಡಚಣೆ ಮೊದಲೇ ಶುರುವಾಗುತ್ತದೆ ಎಂದು ಆರಂಭದಲ್ಲಿ ಬರೆದಿದ್ದೆ, ಅದನ್ನು ವಿವರಿಸುವುದು ಬಾಕಿಯಿದೆ. ಐಎಲ್‌ಎ ಒಪ್ಪಂದ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ ಎಂಬುದು ವರ್ಷಗಳ ಮೊದಲೇ ಎಲ್ಲರಿಗೂ ತಿಳಿದಿತ್ತು. ಬೇಸಿಗೆಯಿಂದಲೇ ಆಮದುದಾರರು ವರ್ಷದ ಕೊನೆಯ ಸರಕನ್ನು ಮುಂಗಡವಾಗಿ ತರಿಸತೊಡಗಿದರು. ಹಡಗುಗಳಲ್ಲಿ ಜಾಗ ಬಿಗಿಯಾಯಿತು, ಗೋದಾಮು ತುಂಬಿದವು, ಹಡಗು ಕಂಪನಿಗಳು ಮುಷ್ಕರದ ಹೆಸರಿನಲ್ಲಿ ಸರ್ಚಾರ್ಜ್ ಪ್ರಕಟಿಸಿದವು. ಒಂದು ದಿನವೂ ಕೆಲಸ ನಿಲ್ಲದಿದ್ದರೂ ಈ ಖರ್ಚು ಆಗಿಯೇ ಆಗುತ್ತಿತ್ತು. ಅಕ್ಟೋಬರ್ ಒಪ್ಪಂದ ಕೂಡ 2025ರ ಜನವರಿ 15ರವರೆಗಿನ ಮುಂದೂಡಿಕೆ ಮಾತ್ರವಾಗಿತ್ತು, ಆದ್ದರಿಂದ ಅದೇ ಮುಂಗಡ ಆಮದು ಚಳಿಗಾಲದಲ್ಲಿ ಇನ್ನೊಮ್ಮೆ ನಡೆಯಿತು. ಜನವರಿ 8ರಂದು ಪೂರ್ಣ ಒಪ್ಪಂದವಾದ ಮೇಲೆ ಎರಡನೆಯ ಮುಷ್ಕರ ತಪ್ಪಿತು.

ಭಯ ಜನರಲ್ಲಿಯೂ ಹರಡುತ್ತದೆ. ಮುಷ್ಕರದ ಮೊದಲ ದಿನಗಳಲ್ಲಿ ಅಮೆರಿಕದ ಹಲವು ಅಂಗಡಿಗಳಲ್ಲಿ ಟಾಯ್ಲೆಟ್ ಪೇಪರ್ ಖಾಲಿಯಾಯಿತು. ಆ ದೇಶ ಬಳಸುವ ಟಾಯ್ಲೆಟ್ ಪೇಪರಿನ ಬಹುಪಾಲು ಅಲ್ಲೇ ತಯಾರಾಗುತ್ತದೆ, ಉಳಿದದ್ದರ ಹೆಚ್ಚಿನ ಭಾಗ ಕೆನಡಾ, ಮೆಕ್ಸಿಕೊಗಳಿಂದ ರೈಲು, ಲಾರಿಗಳಲ್ಲಿ ಬರುತ್ತದೆ. ಬಂದರಿಗೂ ಅದಕ್ಕೂ ಹೆಚ್ಚೇನೂ ಸಂಬಂಧವಿರಲಿಲ್ಲ, ಕಪಾಟು ಖಾಲಿಯಾದದ್ದು ಕೊಂಡವರ ಆತಂಕದಿಂದ. ಯಾವ ಸರಕು ಯಾವ ದಾರಿಯಲ್ಲಿ ಬರುತ್ತದೆ ಎಂಬ ಮಾಹಿತಿ ಜನರಿಗೆ ಮೊದಲೇ ಸಿಕ್ಕಿದ್ದರೆ ಅಷ್ಟಾದರೂ ತಪ್ಪುತ್ತಿತ್ತು. ಕಚ್ಚಾತೈಲ ಹೊತ್ತ ಟ್ಯಾಂಕರುಗಳ ಕೆಲಸ ಈ ಮುಷ್ಕರದ ವ್ಯಾಪ್ತಿಯಲ್ಲೇ ಇರಲಿಲ್ಲ. ಸೈನ್ಯದ ಸರಕನ್ನೂ ಪ್ರವಾಸಿ ಹಡಗುಗಳನ್ನೂ ಐಎಲ್‌ಎ ತಾನಾಗಿಯೇ ಮುಷ್ಕರದಿಂದ ಹೊರಗಿಟ್ಟಿತ್ತು. ಇದನ್ನೂ ಬಹಳ ಜನ ತಿಳಿದಿರಲಿಲ್ಲ.

ಹೊಸಓದುಗ:

ಈಗಿನ ಒಪ್ಪಂದ ಯಾವಾಗ ಮುಗಿಯುತ್ತದೆ? ಮುಂದಿನ ಸಲ ನಾವು ಯಾವಾಗಿನಿಂದ ಎಚ್ಚರದಿಂದಿರಬೇಕು?

ಕಡಲದಾರಿ:

2025ರ ಫೆಬ್ರುವರಿ 25ರಂದು ಐಎಲ್‌ಎ ಸದಸ್ಯರು ಮತದಾನದ ಮೂಲಕ ಒಪ್ಪಂದವನ್ನು ಅಂಗೀಕರಿಸಿದರು, ಅದು 2030ರ ಸೆಪ್ಟೆಂಬರ್ 30ರವರೆಗೆ ಜಾರಿಯಲ್ಲಿರುತ್ತದೆ. ಆ ಕರಾವಳಿಗೆ ಸರಕು ಕಳುಹಿಸುವವರು 2030ರ ವಾರ್ಷಿಕ ಸಾಗಣೆ ಒಪ್ಪಂದಗಳಿಗೆ ಸಹಿ ಹಾಕುವಾಗಲೇ ಮೂರು ಅಂಶಗಳನ್ನು ಕೇಳಬೇಕು: ಮುಷ್ಕರದ ದಿನಗಳಲ್ಲಿ ಉಚಿತ ದಿನಗಳ ಎಣಿಕೆ ನಿಲ್ಲುತ್ತದೆಯೇ, ಬೇರೆ ಬಂದರಿನಲ್ಲಿ ಇಳಿಸಿದರೆ ಮುಂದಿನ ಸಾಗಣೆ ಯಾರದು, ಸರ್ಚಾರ್ಜ್‌ಗೆ ಮಿತಿ ಇದೆಯೇ. ಮುಷ್ಕರ ಕಣ್ಣೆದುರು ಬಂದ ಮೇಲೆ ಕೇಳಿದರೆ ಯಾವ ಕಂಪನಿಯೂ ಬರವಣಿಗೆಯಲ್ಲಿ ಕೊಡುವುದಿಲ್ಲ.